ದುಡ್ಡು ಕೊಟ್ಟು ಎಂಜಲು ಕಳಿಸಿದ ಮೂರ್ತಿ

ನಮ್ಮ ಮೂರ್ತಿ ಮಡಿ ಮನುಷ್ಯ. ನೀರಿನ ಬಾಟಲಿಗೆ ತುಟಿ ತಾಗಿಸುವವನೇ ಅಲ್ಲ, ಎತ್ತಿ ಕುಡಿಯುತ್ತಾನೆ, ಅದರಲ್ಲಿ ಅರ್ಧ ಅಂಗಿಯ ಮೇಲೆ. ಅಂಥವನು ಆರು ಸಾವಿರ ರೂಪಾಯಿ ಕೊಟ್ಟು, ಒಂದು ಪುಟ್ಟ ಕೊಳವೆಗೆ ಉಗುಳಿ, ಮುಚ್ಚಳ ಹಾಕಿ, ಕೊರಿಯರ್ ಮಾಡಿದ್ದಾನೆ. ಡಿಎನ್‌ಎ ಟೆಸ್ಟ್ ಅಂತೆ. ಅಪ್ಪನ ಕಡೆಯ ವಂಶ ಎಲ್ಲಿಂದ ಬಂತು ಅಂತ ಹೇಳುತ್ತಾರಂತೆ.

"ಎಂಜಲು ಕಳಿಸುವುದಕ್ಕೆ ಆರು ಸಾವಿರವಾ ಮಾರಾಯ? ನಮ್ಮ ಮನೆಯ ಮಗು ದಿನಾ ಬಿಟ್ಟಿ ಉಗುಳುತ್ತದೆ" ಅಂದ ಶೆಟ್ಟಿ.

ಭಾನುವಾರ ಬೆಳಿಗ್ಗೆ. ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ (ಎರಡು ಸುತ್ತು ಅಂತ ಮನೆಯಲ್ಲಿ ಹೇಳುತ್ತೇವೆ) ಹೊರಗಿನ ಟೀ ಅಂಗಡಿಯಲ್ಲಿ ಕೂತಿದ್ದೆವು. ನಾನು, ಕಾರ್ಕಳದ ಶೆಟ್ಟಿ, ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ರೇಖಾ, ಮತ್ತೆ ಮುಖ ಊದಿಸಿಕೊಂಡ ಮೂರ್ತಿ. ರಿಪೋರ್ಟ್ ಬಂದಿತ್ತು. ಯಾವುದಾದರೂ ಋಷಿಯ ಹೆಸರು ಬರಬಹುದು ಅಂತ ಅವನು ಕಾದಿದ್ದ. ಬಂದದ್ದು ವಂಶದ ಗುಂಪಿನ ಹೆಸರು, ಅದೂ ಒಂದೇ ಅಕ್ಷರ: ಎಚ್. ಅದರ ಹಿಂದೆ ಬಸ್ ನಂಬರಿನ ಹಾಗೆ ಒಂದಿಷ್ಟು ಅಂಕಿ.

"ಹತ್ತು ತಲೆಮಾರು ಹಿಂದಕ್ಕೆ ಹೋಗು ಮೂರ್ತಿ" ಅಂದಳು ರೇಖಾ. "ಅಲ್ಲಿ ನಿನಗೆ 1024 ಜನ ಅಜ್ಜ ಅಜ್ಜಿಯರ ಜಾಗ ಇದೆ. ನಿನ್ನ ವೈ ಕ್ರೋಮೋಸೋಮ್ ಬಂದದ್ದು ಅವರಲ್ಲಿ ಒಬ್ಬನಿಂದ. ನೀನು ಆ ಒಬ್ಬನನ್ನು ಹಿಡಿದುಕೊಂಡು ವಂಶ ಅಂತೀಯ."

"ಮಿಕ್ಕ 1023 ಜನ?"

"ಅವರಿಂದಲೇ ನಿನ್ನ ಮೂಗು, ಬೊಕ್ಕತಲೆ, ಸಿಟ್ಟು ಎಲ್ಲ ಬಂದಿರಬೇಕು. ಈ ರಿಪೋರ್ಟಿನಲ್ಲಿ ಮಾತ್ರ ಅವರಿಗೆ ಜಾಗ ಇಲ್ಲ."

ವೈ ಅನ್ನುವುದು ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ಸಾಮಾನು. ರೇಖಾಳ ಅಪ್ಪನ ವೈ ಅವಳ ತಮ್ಮನಿಗೆ ಹೋಗಿದೆ. ಸೈಟೂ ಅವನ ಹೆಸರಿಗೇ ಹೋಗಿದೆ ಅಂತ ಅವಳೇ ಸೇರಿಸಿದಳು, ನಾವು ಯಾರೂ ನಗಲಿಲ್ಲ.

ಒಂದೇ ಸಾಮಾನು ಸುಮ್ನೆ ಕೈದಾಟುತ್ತಾ ಬಂದರೆ ಯಾರದು ಯಾವ ವಂಶ ಅಂತ ಹೇಗೆ ಗೊತ್ತಾಗುತ್ತದೆ ಅಂದೆ. ಅದಕ್ಕೆ ಅವಳು ಶೆಟ್ಟಿಯ ಜರ್ನಲ್ ನೆನಪು ಮಾಡಿದಳು. ಪಿಯುಸಿಯಲ್ಲಿ ಶೆಟ್ಟಿ ಯಾವುದೋ ಧ್ಯಾನದಲ್ಲಿ ಮನುಷ್ಯನ ಹೃದಯಕ್ಕೆ ಐದು ಕೋಣೆ ಅಂತ ಬರೆದಿದ್ದ. ಅವನಿಂದ ನಾನು ಕಾಪಿ ಮಾಡಿದೆ, ನನ್ನಿಂದ ಇನ್ನಿಬ್ಬರು ಮಾಡಿದರು. ಮೇಷ್ಟ್ರು ಐದು ಕೋಣೆಯವರನ್ನೆಲ್ಲ ಒಂದು ಕಡೆ ನಿಲ್ಲಿಸಿದರು. ನಾನು ಐದರ ಜೊತೆಗೆ "ರಕ್ತನಾಳ" ಬದಲು "ರಕ್ತನಾಲ" ಅಂತಲೂ ಬರೆದಿದ್ದೆ. ಆ ಎರಡೂ ತಪ್ಪು ಇದ್ದವರು ನನ್ನಿಂದ ಇಳಿಸಿಕೊಂಡವರು, ಬರೀ ಐದು ಇದ್ದವನು ಶೆಟ್ಟಿ. ಮೂಲಪುರುಷ ಸಿಕ್ಕಿಬಿದ್ದ. ವೈ ಕ್ರೋಮೋಸೋಮ್ ಓದುವವರೂ ಇಷ್ಟೇ ಮಾಡುವುದು. ಎಂ95 ಅಂತ ಒಂದು ಕಾಪಿ ತಪ್ಪು ಇದೆ. ಸಾವಿರಾರು ವರ್ಷ ಹಿಂದೆ ಯಾವನೋ ಒಬ್ಬ ಗಂಡಸಿನಲ್ಲಿ ಆದದ್ದು. ಇವತ್ತು ಜಾರ್ಖಂಡದ ಸಂತಾಲರಲ್ಲೂ ಇದೆ, ಕಾಂಬೋಡಿಯಾದವರಲ್ಲೂ ಇದೆ, ನಿಕೋಬಾರಿನಲ್ಲೂ ಇದೆ.

"ಜಾರ್ಖಂಡ್ ಅಂದ್ಯಲ್ಲ" ಅಂತ ಮೂರ್ತಿ ಎದ್ದು ಕೂತ. ಅವನ ಹೊಸ ಮನೆಗೆ ಟೈಲ್ಸ್ ಹಾಕುತ್ತಿರುವ ಹುಡುಗರು ದುಮ್ಕಾ ಕಡೆಯವರು. ಇವನ ಜೊತೆ ಹಿಂದಿಯಲ್ಲಿ ಮಾತಾಡುತ್ತಾರೆ, ಟೈಲ್ಸ್ ಎಣಿಸುವಾಗ ಮಾತ್ರ ಅವರದೇ ಭಾಷೆ. ಮೂರ್ತಿ ಲೆಕ್ಕದಲ್ಲಿ ಗಟ್ಟಿ, ಎಲ್ಲಿ ಎರಡು ಟೈಲ್ಸ್ ಜಾಸ್ತಿ ಬರೆಸುತ್ತಾರೋ ಅಂತ ಪಕ್ಕದಲ್ಲೇ ನಿಂತು ಎಣಿಕೆಯನ್ನು ಬಾಯಿಪಾಠ ಮಾಡಿಬಿಟ್ಟಿದ್ದಾನೆ. "ಮಿತ್, ಬಾರ್, ಪೆ, ಪೊನ್."

ನನಗೆ ಟೀ ನೆತ್ತಿಗೇರಿತು. ಕಂಪನಿ ಕೆಲಸದ ಮೇಲೆ ನಾನು ಮೂರು ತಿಂಗಳು ಹನೋಯ್‌ನಲ್ಲಿದ್ದೆ. ಅಲ್ಲಿ ಕಲಿತದ್ದು ಚೌಕಾಸಿಗೆ ಬೇಕಾದಷ್ಟು ಅಂಕಿ ಮಾತ್ರ: ಮೊತ್, ಹಾಯ್, ಬಾ, ಬೋನ್.

"ಮಿತ್, ಮೊತ್. ಪೊನ್, ಬೋನ್. ಲೋ, ಇದು ಒಂದೇ ಅಲ್ವಾ?"

"ಬಾರ್ ಅಂದರೆ ಎರಡಾ?" ಶೆಟ್ಟಿಗೆ ಅದರದ್ದೇ ಚಿಂತೆ. "ಸರಿಯಾಗಿಯೇ ಇಟ್ಟಿದ್ದಾರೆ ಹೆಸರು. ಅಲ್ಲಿಂದ ಹೊರಗೆ ಬಂದವನಿಗೆ ಎಲ್ಲ ಎರಡೆರಡೇ ಕಾಣುವುದು."

ಒಂದೇ ಅಂತೆ. ರೇಖಾ ಹೇಳಿದಳು. ಹುಡುಗರು ಎಣಿಸಿದ್ದು ಸಂತಾಲಿಯಲ್ಲಿ. ಸಂತಾಲಿ, ಮುಂಡಾರಿ, ಹೋ, ಒಡಿಶಾದ ಸೋರಾ, ಮಧ್ಯಪ್ರದೇಶದ ಕೊರ್ಕು ಒಂದು ಕಡೆ, ಇವು ಮುಂಡಾ ಭಾಷೆಗಳು. ಮೇಘಾಲಯದ ಖಾಸಿ, ನಿಕೋಬಾರಿ, ಬರ್ಮಾದ ಮೋನ್, ಕಾಂಬೋಡಿಯಾದ ಖ್ಮೇರ್, ವಿಯೆಟ್ನಾಮಿ ಇನ್ನೊಂದು ಕಡೆ. ಎಲ್ಲ ಸೇರಿ ಆಸ್ಟ್ರೋಏಷ್ಯಾಟಿಕ್ ಅನ್ನುವ ಒಂದು ಕುಟುಂಬ. ಆಸ್ಟ್ರೇಲಿಯಾಕ್ಕೂ ಇದಕ್ಕೂ ಸಂಬಂಧ ಇಲ್ಲ, ಆಸ್ಟ್ರೋ ಅಂದರೆ ದಕ್ಷಿಣ ಅಂತ ಅಷ್ಟೇ (ಶೆಟ್ಟಿ ಬಾಯಿ ತೆರೆದಿದ್ದ, ಮುಚ್ಚಿದ). ಕಣ್ಣಿಗೆ ಸಂತಾಲಿಯಲ್ಲಿ ಮೆತ್, ವಿಯೆಟ್ನಾಮಿನಲ್ಲಿ ಮತ್. ಕೈಗೆ ಇಲ್ಲಿ ತಿ, ಅಲ್ಲಿ ತಯ್. ಸಂತಾಲಿ ಅಂದರೆ ಸಣ್ಣಪುಟ್ಟ ಭಾಷೆಯೂ ಅಲ್ಲ. 2011ರ ಜನಗಣತಿಯಲ್ಲೇ 73 ಲಕ್ಷ ಜನ ಇದ್ದರು. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸುವ ತಿದ್ದುಪಡಿ ಆದದ್ದು 2003ರಲ್ಲಿ. ಅವರದೇ ಲಿಪಿ ಇದೆ, ಓಲ್ ಚಿಕಿ, ರಘುನಾಥ ಮುರ್ಮು ಅನ್ನುವವರು 1925ರಲ್ಲಿ ಮಾಡಿದ್ದು. ಟೈಲ್ಸ್ ಹುಡುಗನ ವಾಟ್ಸಾಪ್ ಸ್ಟೇಟಸ್ ಆ ಲಿಪಿಯಲ್ಲೇ ಇತ್ತು, ಮೂರ್ತಿ ತನ್ನ ಮೊಬೈಲಿನಲ್ಲಿ ತೋರಿಸಿದ. ದುಂಡಗಿನ, ಬಿಡಿಬಿಡಿ ಅಕ್ಷರ. ಜಿಲೇಬಿ ಹಾಗಿದೆ ಅಂತ ಶೆಟ್ಟಿ ಶುರುಮಾಡಿದ. ನಮ್ಮ ಕನ್ನಡಕ್ಕೆ ಉತ್ತರದವರು ಅದನ್ನೇ ಅನ್ನುವಾಗ ನೀನು ಜಗಳಕ್ಕೆ ಹೋಗ್ತೀಯಲ್ಲ ಅಂದೆ.

"ಸರಿ, ಯಾರು ಎಲ್ಲಿಂದ ಎಲ್ಲಿಗೆ ಬಂದರು? ಅದು ಹೇಳು ಮೊದಲು" ಅಂದ ಮೂರ್ತಿ.

ಇಲ್ಲಿ ವಿಜ್ಞಾನಿಗಳೇ ಒಮ್ಮೆ ಗಾಡಿ ತಿರುಗಿಸಿಕೊಂಡಿದ್ದಾರೆ. 2007ರಲ್ಲಿ ಬಂದ ಒಂದು ಸಂಶೋಧನೆ, ಈ ಎಂ95 ಗಂಡು ವಂಶ ಹುಟ್ಟಿದ್ದು ಭಾರತದಲ್ಲೇ, ಸುಮಾರು 65,000 ವರ್ಷ ಹಿಂದೆ, ಇಲ್ಲಿಂದ ಪೂರ್ವಕ್ಕೆ ಹೋಯಿತು ಅಂತ ಹೇಳಿತ್ತು. ಆಮೇಲೆ ಜಾಸ್ತಿ ಜನರ ಡಿಎನ್‌ಎ, ಜಾಸ್ತಿ ವಿವರವಾಗಿ ಓದಿದ ಮೇಲೆ ಲೆಕ್ಕ ಉಲ್ಟಾ ಆಯಿತು. ವಯಸ್ಸು ಅದಕ್ಕಿಂತ ಎಷ್ಟೋ ಕಡಿಮೆ, ಹುಟ್ಟಿದ್ದು ಆಗ್ನೇಯ ಏಷ್ಯಾದ ಕಡೆ, ಇಲ್ಲಿಗೆ ಬಂದದ್ದು ಆಮೇಲೆ.

"65,000ದಿಂದ ಇಷ್ಟು ಕಡಿಮೆಗೆ ಇಳಿಯುವುದು ಹೇಗೆ?" ನನಗೂ ಅದು ಅರ್ಥವಾಗಿರಲಿಲ್ಲ.

"ಆಟೋ ಮೀಟರ್ ಕಣೋ. ಕಾಪಿ ತಪ್ಪು ಎಷ್ಟು ವರ್ಷಕ್ಕೊಂದು ಆಗುತ್ತದೆ ಅಂತ ಮೊದಲು ಒಂದು ದರ ಹಿಡಿಯಬೇಕು. ತಪ್ಪು ನಿಧಾನಕ್ಕೆ ಆಗುತ್ತದೆ ಅಂತ ಹಿಡಿದರೆ ವಂಶ ಹಳೆಯದಾಗುತ್ತದೆ. ಬೇಗ ಬೇಗ ಆಗುತ್ತದೆ ಅಂದರೆ ಹೊಸದು. ದಾರಿ ಅದೇ, ಮೀಟರ್ ಬೇರೆ."

ಮೈಸೂರಿನ ರೈಲ್ವೆ ಸ್ಟೇಷನ್ನಿಂದ ಮನೆಗೆ ಬರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ, ಉತ್ತರ ವಿಯೆಟ್ನಾಮಿನ ಮಾನ್ ಬಾಕ್ ಅನ್ನುವ ಜಾಗದಲ್ಲಿ ಸುಮಾರು 4,000 ವರ್ಷ ಹಳೆಯ ಮೂಳೆ ಸಿಕ್ಕಿವೆ. ಅವುಗಳ ಡಿಎನ್‌ಎ 2018ರಲ್ಲಿ ಓದಿದರು. ದಕ್ಷಿಣ ಚೀನಾ ಕಡೆಯಿಂದ ಇಳಿದ ಬೇಸಾಯಗಾರರೂ ಅಲ್ಲೇ ಮೊದಲಿಂದ ಇದ್ದ ಬೇಟೆಗಾರರೂ ಬೆರೆತ ಜನ ಅವರು. ಇವತ್ತು ಈ ಭಾಷೆಗಳನ್ನಾಡುವ ಥಾಯ್ಲೆಂಡ್ ಕಡೆಯ ಮ್ಲಾಬ್ರಿ, ನಿಕೋಬಾರಿ ಜನರಿಗೆ ಆ ಮೂಳೆಯವರು ಹತ್ತಿರದ ನಂಟರು. ಅಂಥವರದೇ ಒಂದು ಕವಲು ಈ ಕಡೆ ಬಂದಿರಬೇಕು. ಯಾವ ದಾರಿಯಲ್ಲಿ ಅಂತ ಕೇಳಿದರೆ ಅಸ್ಸಾಂ ಕಡೆಯ ನೆಲದ ದಾರಿ ಅಂತ ಕೆಲವರು. ಇಲ್ಲ, ದೋಣಿಯಲ್ಲಿ ಬಂಗಾಳ ಕೊಲ್ಲಿ ದಾಟಿ ಸೀದಾ ಒಡಿಶಾದ ಮಹಾನದಿಯ ಮುಖಕ್ಕೆ ಬಂದರು ಅಂತ ಫೆಲಿಕ್ಸ್ ರೌ ಮತ್ತು ಪಾಲ್ ಸಿಡ್‌ವೆಲ್ ಅನ್ನುವ ಇಬ್ಬರು ಭಾಷಾ ವಿದ್ವಾಂಸರು 2019ರಲ್ಲಿ ವಾದ ಮಾಡಿದರು.

ನನಗೆ ದೋಣಿಯೇ ಇಷ್ಟ. ಯಾಕೆಂದರೆ ಮುಂದಿನ ಸಂಗತಿಗೆ ಅದು ಚೆನ್ನಾಗಿ ಕೂರುತ್ತದೆ. ಮುಂಡಾ ಭಾಷೆ ಆಡುವ ಗಂಡಸರಲ್ಲಿ ಒಟ್ಟಾರೆ ಅರ್ಧಕ್ಕಿಂತ ಜಾಸ್ತಿ ಜನರ ವೈ ಪೂರ್ವದಿಂದ ಬಂದ ಈ ಎಂ95. ಆದರೆ ತಾಯಿಯಿಂದ ಮಕ್ಕಳಿಗೆ ಹೋಗುವ ಮೈಟೋಕಾಂಡ್ರಿಯಾದ ಡಿಎನ್‌ಎ ತೆಗೆದು ನೋಡಿದರೆ ಹೆಚ್ಚುಕಡಿಮೆ ಎಲ್ಲ ಇಲ್ಲಿಯದೇ, ಈ ನೆಲದ ಹಳೆಯ ಹೆಣ್ಣು ವಂಶಗಳು. ಅಂದರೆ ಬಂದವರಲ್ಲಿ ಗಂಡಸರೇ ಜಾಸ್ತಿ.

"ಗೋವಾ ಟ್ರಿಪ್!" ಶೆಟ್ಟಿ ತೊಡೆ ತಟ್ಟಿದ. "ನಾವು ಹತ್ತು ವರ್ಷದಿಂದ ವಾಟ್ಸಾಪ್ ಗ್ರೂಪಿನಲ್ಲಿ ಪ್ಲಾನ್ ಮಾಡ್ತಾ ಇದ್ದೇವೆ. ಅವರು ಹೊರಟೇಬಿಟ್ಟರು ನೋಡು."

"ಹೊರಟವರು ವಾಪಸ್ ಹೋಗಲಿಲ್ಲ" ಅಂದಳು ರೇಖಾ. "ಇಲ್ಲೇ ಮದುವೆಯಾಗಿ ಅಳಿಯಂದಿರಾಗಿ ಉಳಿದರು. ಒಟ್ಟು ಡಿಎನ್‌ಎ ಅಳೆದರೆ ಪೂರ್ವದ ಪಾಲು ಸುಮಾರು ಕಾಲು ಭಾಗ ಅಷ್ಟೇ, ಮುಕ್ಕಾಲು ಇಲ್ಲಿಯದು. ಆದರೆ ಮಕ್ಕಳು ಕಲಿತದ್ದು ಮಾತ್ರ ಅಪ್ಪಂದಿರ ಭಾಷೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ತಾಯ್ನುಡಿ, ತಾಯ್ನುಡಿ ಅಂತ ನವೆಂಬರಿನಲ್ಲಿ ಭಾಷಣ ಕೇಳಿದ್ದೇವೆ. ಇವರದು ತಂದೆನುಡಿ! ನಮ್ಮ ಮನೆಗಳಲ್ಲಿ ಅಪ್ಪ ದಿನಕ್ಕೆ ಆಡುವುದು ಒಟ್ಟು ಏಳೆಂಟು ಮಾತು, ಅದರಲ್ಲಿ ನಾಲ್ಕು "ನಿಮ್ಮಮ್ಮನ್ನ ಕೇಳು". ಅಂಥದ್ದರಲ್ಲಿ ಮಕ್ಕಳು ಅಪ್ಪನಿಂದ ಒಂದು ಇಡೀ ಭಾಷೆ ಕಲಿತರು ಅಂದರೆ ಆ ಅಪ್ಪಂದಿರು ಎಷ್ಟು ಮಾತಾಡಿರಬೇಕು!

"ಅಮ್ಮಂದಿರು ಸುಮ್ನೆ ಬಿಟ್ಟಿಲ್ಲ" ಅಂದಳು ರೇಖಾ. ಖ್ಮೇರ್, ವಿಯೆಟ್ನಾಮಿಯಲ್ಲಿ ಕ್ರಿಯಾಪದ ನಡುವೆ ಬರುತ್ತದೆ, "ನಾನು ತಿಂದೆ ಅನ್ನ" ಅನ್ನುವ ಹಾಗೆ. ಸಂತಾಲಿಯಲ್ಲಿ ನಮ್ಮ ಹಾಗೆ ಕೊನೆಗೆ ಬರುತ್ತದೆ, ಪ್ರತ್ಯಯಗಳು ಬಾಲದ ಹಾಗೆ ಹಿಂದೆ ಅಂಟಿಕೊಳ್ಳುತ್ತವೆ. ಪದ ಅಪ್ಪನದು, ಅದನ್ನು ಜೋಡಿಸಿದ ರೀತಿ ಅಮ್ಮನ ಊರಿನದು ಅನ್ನುವುದು ಅವಳ ಅಂದಾಜು. ಪೇಟೆಯಿಂದ ತರಕಾರಿ ತರುವುದು ಒಬ್ಬರು, ಸಾರಿಗೆ ಹದ ಹಾಕುವುದು ಇನ್ನೊಬ್ಬರು.

ಶೆಟ್ಟಿಗೆ ಇಷ್ಟು ಹೊತ್ತು ತಾಳಿದ್ದೇ ದೊಡ್ಡದು. "ನಮ್ಮ ಕಡೆ ಅಳಿಯಸಂತಾನ. ನನ್ನ ಬಳಿ, ಅಂದರೆ ಕುಲ, ಅಮ್ಮನಿಂದ ಬಂದದ್ದು, ಅಪ್ಪನಿಂದ ಅಲ್ಲ. ನಾನು ಆರು ಸಾವಿರ ಕೊಟ್ಟು ಅಪ್ಪನ ಕಡೆ ನೋಡಿದರೆ ನಮ್ಮ ಕುಟುಂಬದವರು ಯಾರೂ ಸಿಗುವುದೇ ಇಲ್ಲ."

ಖಾಸಿಯವರದೂ ಇದೇ ಕತೆ. ಮಕ್ಕಳಿಗೆ ಅಮ್ಮನ ಕುಲದ ಹೆಸರು, ಹಿರಿಯರ ಮನೆ ಕೊನೆಯ ಮಗಳಿಗೆ. ಸಂತಾಲರಲ್ಲಿ ಇದಕ್ಕೆ ಉಲ್ಟಾ, ಕುಲ ಅಪ್ಪನಿಂದ, ಒಂದೇ ಕುಲದೊಳಗೆ ಮದುವೆ ಇಲ್ಲ. ಭಾಷೆಯ ಕುಟುಂಬ ಒಂದೇ, ಮನೆಯ ಕಾನೂನು ಬೇರೆ ಬೇರೆ. ಖಾಸಿಯವರ ಹೆಣ್ಣು ವಂಶಗಳಲ್ಲಿ ಪೂರ್ವದಿಂದ ಬಂದವೂ ಸಾಕಷ್ಟು ಇವೆ, ಅಂದರೆ ಆ ಕಡೆ ಬಂದವರು ಹೆಂಡತಿ ಮಕ್ಕಳ ಸಮೇತ ಬಂದಿರಬೇಕು. ಗೋವಾ ಟ್ರಿಪ್ ಅಲ್ಲ, ಧರ್ಮಸ್ಥಳ ಟ್ರಿಪ್.

ಮೂರ್ತಿ ಗಂಟಲು ಸರಿಮಾಡಿಕೊಂಡ. "ಹಾಗಾದರೆ ಈ ಸಂತಾಲರೆಲ್ಲ ಹೊರಗಿನವರು ಅಂತಾಯಿತು."

"ನೀನು ಮೈಸೂರಿಗೆ ಬಂದು ಎಷ್ಟು ವರ್ಷ?" ಅಂದಳು ರೇಖಾ.

"22."

"ಯಾರಾದರೂ ಕೇಳಿದರೆ ಯಾವ ಊರು ಅಂತೀಯ?"

"ಮೈಸೂರು."

"ಅವರು ಬಂದು ಹತ್ತಿರ ಹತ್ತಿರ ನಾಲ್ಕು ಸಾವಿರ ವರ್ಷ. ಅದೂ ಕಾಲು ಭಾಗ ಮಾತ್ರ ಬಂದದ್ದು, ಮುಕ್ಕಾಲು ಮೊದಲೇ ಇಲ್ಲಿತ್ತು. ಟೀ ಕುಡಿ."

ಕುಡಿದ. ಆದರೂ ಸುಮ್ಮನಾಗಲಿಲ್ಲ. ಆ ಟೈಲ್ಸ್ ತಂಡದಲ್ಲೇ ಒಬ್ಬ ಉರಾಂವ್ ಹುಡುಗ ಇದ್ದಾನಂತೆ. ಎಲ್ಲರೂ ಒಂದೇ ಥರ ಕಾಣುತ್ತಾರೆ, ಆದರೆ ಇವನ ಎಣಿಕೆ ಬೇರೆ ಅಂದ. ಬೇರೆ ಇರಲೇಬೇಕು. ಅವನ ಕುಡುಖ್ ಭಾಷೆ ದ್ರಾವಿಡದ್ದು, ನಮ್ಮ ಕನ್ನಡದ ದೂರದ ನಂಟ. ಕಣ್ಣಿಗೆ ಅವರು ಖನ್ ಅನ್ನುತ್ತಾರೆ. ಉರಾಂವರೂ ಮುಂಡರೂ ಅಕ್ಕಪಕ್ಕದ ಊರಿನವರು, ಡಿಎನ್‌ಎ ನೋಡಿದರೆ ಒಬ್ಬರಿಗೊಬ್ಬರು ಹತ್ತಿರ, ಭಾಷೆ ನೋಡಿದರೆ ಒಬ್ಬ ನಮ್ಮ ಕಡೆಯವನು, ಇನ್ನೊಬ್ಬ ಹನೋಯ್ ಕಡೆಯವನು. ಒಂದೇ ಸಿಮೆಂಟ್ ಬಾಣಲಿ.

"ಅಂದರೆ ಆ ಹುಡುಗ ನಮಗೆ ಸಂಬಂಧಿಕನಾ?" ಮೂರ್ತಿಯ ಮುಖ ಅರಳಿತು. "ಹಾಗಿದ್ದರೆ ರೇಟ್ ಸ್ವಲ್ಪ ಕಮ್ಮಿ ಮಾಡು ಅಂತ ಕೇಳಬಹುದಲ್ವಾ?"

ಇನ್ನೊಂದು ಸುತ್ತು ಟೀ ಬೇಕಾಯಿತು. ಮೂರ್ತಿಗೆ ಹೊಸ ಭಾಷೆಯ ಹುಮ್ಮಸ್ಸು. ಅಂಗಡಿಯವನ ಕಡೆ ನಾಲ್ಕು ಬೆರಳು ಎತ್ತಿ "ಪೊನ್!" ಅಂತ ಕೂಗಿದ.

ಅಂಗಡಿಯವನು ತಲೆ ಎತ್ತದೆ ಗೋಡೆಯ ಮೇಲಿನ ಕ್ಯೂಆರ್ ಕೋಡ್ ತೋರಿಸಿದ. "ಫೋನ್‌ಪೇನಾ ಸಾರ್? ಅಲ್ಲಿದೆ ನೋಡಿ."

"ಪೊನ್ ನಾಲ್ಕು, ಪೆ ಮೂರು" ಅಂದ ಶೆಟ್ಟಿ. "ಏಳು ಟೀ ಆಯಿತು ಮಾರಾಯ. ಕೊಡು ದುಡ್ಡು."