ಮೊದಲ .22 ರೈಫಲ್‌ಗೆ ಗುಂಡು: ಅಗ್ಗವೂ ಆಗಬೇಕು, ಗುರಿಗೂ ಬೀಳಬೇಕು

ಹೊಸ ಕೈ
ಎಲ್ಲರಿಗೂ ನಮಸ್ಕಾರ. ಲೈಸೆನ್ಸ್ ಕೆಲಸ ಎಲ್ಲಾ ಮುಗಿದು ಕೊನೆಗೂ ಮೊದಲ ರೈಫಲ್ ಕೈಗೆ ಬಂದಿದೆ. .22 ಎಲ್‌ಆರ್ (ಲಾಂಗ್ ರೈಫಲ್), ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವುದು, ಮೇಲೊಂದು ಸಾಧಾರಣ ಸ್ಕೋಪ್. ಬೇಟೆ ಗೀಟೆ ಏನೂ ಇಲ್ಲ, ರೇಂಜ್‌ನಲ್ಲಿ 50 ಮೀಟರ್ ದೂರದ ಕಾಗದದ ಟಾರ್ಗೆಟ್ ಅಷ್ಟೇ. ಈಗ ತಲೆ ಕೆಟ್ಟಿರುವುದು ಗುಂಡಿನ ವಿಷಯದಲ್ಲಿ. ಒಂದು ಕಡೆ 500 ಗುಂಡಿನ ದೊಡ್ಡ ಡಬ್ಬ, ತುಂಬಾ ಅಗ್ಗ. ಇನ್ನೊಂದು ಕಡೆ 50ರ ಪುಟ್ಟ ಡಬ್ಬ, ಮೇಲೆ ಮ್ಯಾಚ್ (ಸ್ಪರ್ಧೆಗೆ) ಅಂತ ಬರೆದಿದೆ, ಬೆಲೆ ಹಲವು ಪಟ್ಟು ಜಾಸ್ತಿ. ನಡುವೆ ಸ್ಟ್ಯಾಂಡರ್ಡ್, ಹೈ ವೆಲಾಸಿಟಿ, ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರುವುದು), ತಾಮ್ರದ ಲೇಪ ಇರುವುದು, ಇಲ್ಲದ್ದು. ವೇಗ ಜಾಸ್ತಿ ಇದ್ದರೆ ನೇರವಾಗಿ ಹೋಗುತ್ತದೆ ಅಂತ ಒಬ್ಬರು ಹೇಳಿದರು, ಅದು ಸುಳ್ಳು ಅಂತ ಇನ್ನೊಬ್ಬರು. ತುಂಬಾ ಹೊಡೆದು ಕೈ ಪಳಗಿಸಿಕೊಳ್ಳಬೇಕು ಅಂತ ಆಸೆ ಇದೆ, ಆದರೆ ಜೇಬೂ ನೋಡಿಕೊಳ್ಳಬೇಕಲ್ವಾ. ಎಲ್ಲಿಂದ ಶುರು ಮಾಡಲಿ?

ಐವತ್ತು ಮೀಟರ್
ಅಭಿನಂದನೆಗಳು. ಮೊದಲ ರೈಫಲ್‌ಗೆ .22 ತೆಗೆದುಕೊಂಡಿದ್ದೇ ಒಳ್ಳೆಯದಾಯಿತು. ಒದೆತ ಇಲ್ಲ, ಖರ್ಚು ಕಡಿಮೆ, ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ನೇರವಾಗಿ ಹೇಳುತ್ತೇನೆ: ಸ್ಟ್ಯಾಂಡರ್ಡ್ ವೆಲಾಸಿಟಿ, 40 ಗ್ರೇನ್, ಮೂತಿ ದುಂಡಗಿರುವ ಸಾದಾ ಸೀಸದ ಗುಂಡು. ಇದರಿಂದ ಶುರು ಮಾಡಿ. ಗುಂಡಿನ ತೂಕ ಸುಮಾರು 2.6 ಗ್ರಾಂ, ಬ್ಯಾರಲ್ ಬಿಡುವಾಗ ವೇಗ ಸೆಕೆಂಡಿಗೆ 325 ಮೀಟರ್ ಆಸುಪಾಸು. ಈ ವೇಗ ಸುಮ್ನೆ ಇಟ್ಟಿದ್ದಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸುಮಾರು 343 ಮೀಟರ್, ಅಂದರೆ ಗುಂಡು ಮೊದಲಿಂದ ಕೊನೆವರೆಗೂ ಶಬ್ದಕ್ಕಿಂತ ಕೆಳಗೇ ಇರುತ್ತದೆ. ಹೈ ವೆಲಾಸಿಟಿ ಗುಂಡು 375 ಮೀಟರ್ ಅಥವಾ ಅದಕ್ಕೂ ಜಾಸ್ತಿ ವೇಗದಲ್ಲಿ ಹೊರಡುತ್ತದೆ, ಆದರೆ ಬೇಗ ಸೊರಗಿ ಟಾರ್ಗೆಟ್ ಹತ್ತಿರ ಬರುವ ಹೊತ್ತಿಗೆ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಆ ಗಡಿ ದಾಟುವಾಗ ಗಾಳಿಯ ಒತ್ತಡ ಏರುಪೇರಾಗಿ ಗುಂಡು ಅಲುಗಾಡುತ್ತದೆ, ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳ ಗುಂಪು) ಹರಡುತ್ತದೆ.

ಇನ್ನೊಂದು ಮಾತು, ಇದನ್ನು ಕೇಳಿದರೆ ತುಂಬಾ ಜನ ನಂಬುವುದಿಲ್ಲ. ಪಕ್ಕದಿಂದ ಗಾಳಿ ಬೀಸುವಾಗ ಹೈ ವೆಲಾಸಿಟಿ ಗುಂಡೇ ಜಾಸ್ತಿ ಪಕ್ಕಕ್ಕೆ ಸರಿಯುತ್ತದೆ, ನಿಧಾನದ್ದು ಕಡಿಮೆ. ಗಾಳಿ ಎಷ್ಟು ತಳ್ಳುತ್ತದೆ ಅನ್ನುವುದು ಗುಂಡು ದಾರಿಯಲ್ಲಿ ಎಷ್ಟು ವೇಗ ಕಳೆದುಕೊಂಡಿತು ಅನ್ನುವುದರ ಮೇಲೆ ನಿಂತಿದೆ. ಶಬ್ದದ ವೇಗ ಮೀರಿ ಹೋಗುವ ಗುಂಡು ಶುರುವಿನಲ್ಲೇ ಜಾಸ್ತಿ ಕಳೆದುಕೊಳ್ಳುತ್ತದೆ. 50 ಮೀಟರ್ ಸ್ಪರ್ಧೆಗಳಲ್ಲಿ ಎಲ್ಲರೂ ನಿಧಾನದ ಗುಂಡನ್ನೇ ಹೊಡೆಯುವುದು ಸುಮ್ಮನೆ ಅಲ್ಲ.

ಹೆಸರು ಬೇಕಿದ್ದರೆ, ಕಡಿಮೆ ಬೆಲೆಯಲ್ಲಿ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಅದರ ಮೇಲಿನ ಮೆಟ್ಟಿಲಲ್ಲಿ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್. ಎಲೀಯ ಕೆಳಗಿನ ದರ್ಜೆಯ ಗುಂಡುಗಳೂ ಚೆನ್ನಾಗಿವೆ. ಲಾಪುವಾ ಸೆಂಟರ್-ಎಕ್ಸ್ ತರಹದ ದುಬಾರಿ ಮ್ಯಾಚ್ ಗುಂಡು ಈಗಲೇ ಬೇಡ.

ಗ್ರೂಪ್ ಚಿಕ್ಕದಿರಲಿ
ಮೇಲಿನವರು ಹೇಳಿದ್ದು ಸರಿ, ಆದರೆ ಡಬ್ಬದ ಮೇಲೆ ಏನೇ ಬರೆದಿರಲಿ, ಕೊನೆಗೆ ತೀರ್ಮಾನ ಮಾಡುವುದು ನಿಮ್ಮ ಬ್ಯಾರಲ್. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗಳಿಗೂ ಬೇರೆ ಬೇರೆ ಗುಂಡು ಒಗ್ಗುವುದುಂಟು. ಹಾಗಾಗಿ ಯಾರ ಮಾತೂ ಕೇಳಿ ಮೊದಲೇ ರಾಶಿ ತರಬೇಡಿ. ಮೂರ್ನಾಲ್ಕು ಬಗೆಯದು ಒಂದೊಂದೇ ಡಬ್ಬ ತನ್ನಿ.

ಪರೀಕ್ಷೆ ಮಾಡುವಾಗ ಕೈಯಿಂದ ಹಿಡಿದು ಹೊಡೆಯಬೇಡಿ. ಮುಂದೆ ರೆಸ್ಟ್ (ಒರಗು) ಅಥವಾ ಬೈಪಾಡ್ (ಎರಡು ಕಾಲಿನ ಆಸರೆ), ಹಿಂದೆ ಮರಳಿನ ಚೀಲ, ಗಾಳಿ ಇಲ್ಲದ ಬೆಳಿಗ್ಗೆ. ಗುಂಡು ಬದಲಾಯಿಸಿದ ಕೂಡಲೇ ಅಳೆಯಲು ಹೋಗಬೇಡಿ. .22 ಗುಂಡಿನ ಮೈಮೇಲೆ ಮೇಣದ್ದೋ ಜಿಡ್ಡಿನದ್ದೋ ಲೇಪ ಇರುತ್ತದೆ, ಕೈಗೆ ಅಂಟುವುದು ಅದೇ. ಕಂಪನಿಗೊಂದು ಬಗೆ. ಹಳೆಯ ಲೇಪ ಹೋಗಿ ಹೊಸದು ಬ್ಯಾರಲ್ ಒಳಗೆ ಕೂರುವವರೆಗೆ ಹತ್ತಿಪ್ಪತ್ತು ಗುಂಡು ಸುಮ್ನೆ ಹೊಡೆದುಬಿಡಿ. ಇದನ್ನು ಬಿಟ್ಟವರು ಒಳ್ಳೆಯ ಗುಂಡನ್ನೇ ಕೆಟ್ಟದ್ದು ಅಂತ ಪಕ್ಕಕ್ಕಿಡುತ್ತಾರೆ, ನೋಡಿದಾಗೆಲ್ಲ ಬೇಜಾರಾಗುತ್ತದೆ.

ಆಮೇಲೆ ಐದೈದು ಗುಂಡಿನ ಐದು ಗ್ರೂಪ್. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 5.6 ಮಿಲಿಮೀಟರ್ ಕಳೆಯಿರಿ, ಅದೇ ನಡುವಿನಿಂದ ನಡುವಿಗೆ ಇರುವ ಅಳತೆ. ಐದರ ಸರಾಸರಿ ತೆಗೆಯಿರಿ. ಚಂದ ಬಂದ ಒಂದು ಗ್ರೂಪ್ ಹಿಡಿದುಕೊಂಡು ತೀರ್ಮಾನ ಮಾಡಬೇಡಿ. 50 ಮೀಟರ್‌ನಲ್ಲಿ ಸರಾಸರಿ 25 ಮಿಲಿಮೀಟರ್ ಒಳಗಿದ್ದರೆ ಸಾಧಾರಣ ರೈಫಲ್‌ಗೆ ಚೆನ್ನಾಗಿದೆ ಅಂತಲೇ ಅರ್ಥ. ಒಲಿಂಪಿಕ್ ಟಾರ್ಗೆಟ್‌ನ ಹತ್ತರ ವೃತ್ತ ಬರೀ 10.4 ಮಿಲಿಮೀಟರ್, ಅದನ್ನು ಇವತ್ತೇ ಮನಸ್ಸಲ್ಲಿ ಇಟ್ಟುಕೊಳ್ಳುವುದು ಬೇಡ.

ಒಗ್ಗಿದ್ದು ಸಿಕ್ಕಿದ ಮೇಲೆ ಡಬ್ಬದ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದಿಟ್ಟುಕೊಂಡು ಅದೇ ಲಾಟ್‌ನಲ್ಲಿ ಆದಷ್ಟು ಜಾಸ್ತಿ ತನ್ನಿ. ಲಾಟ್ ಬದಲಾದರೆ ಹೆಸರು ಒಂದೇ ಇದ್ದರೂ ಗುಂಡು ಬೀಳುವ ಜಾಗ ಬದಲಾಗಬಹುದು.

ಹೊಸ ಕೈ
ತುಂಬಾ ಉಪಕಾರವಾಯಿತು. ಹಾಗಾದರೆ 500ರ ಡಬ್ಬ ಪೂರ್ತಿ ಬೇಡವೇ? ಮತ್ತೆ ಪ್ರತಿ ಸಲ ಹೊಡೆದ ಮೇಲೆ ಬ್ಯಾರಲ್ ತೊಳೆಯಬೇಕಾ?

ಸೀಸದ ಕೈ
ದೊಡ್ಡ ಡಬ್ಬವನ್ನು ಪೂರ್ತಿ ತಳ್ಳಿಹಾಕಬೇಡಿ. ನಿಂತು ಹೊಡೆಯುವ ಅಭ್ಯಾಸ, ಟ್ರಿಗರ್ ಮೇಲಿನ ಬೆರಳು, ಬೋಲ್ಟ್ ಎಳೆಯುವ ಲಯ, ಇದಕ್ಕೆಲ್ಲ ಅದು ಸಾಕು. ಸ್ಕೋಪ್ ಜೀರೋ ಮಾಡಲು, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಲು, ಮಾತ್ರ ಅದನ್ನು ಬಳಸಬೇಡಿ. ಯಾವುದರಲ್ಲಿ ಜೀರೋ ಮಾಡಿದ್ದೀರೋ ಅದರಲ್ಲೇ ಅಂಕ ಎಣಿಸಿ.

ಅಗ್ಗದ ಡಬ್ಬದಲ್ಲಿ ಸಿಡಿಯದ ಗುಂಡು ಆಗಾಗ ಸಿಗುತ್ತದೆ. .22ರಲ್ಲಿ ಕಿಡಿ ಹಚ್ಚುವ ಮದ್ದು ತಳದ ಅಂಚಿನೊಳಗೆ ಸುತ್ತಲೂ ಕೂತಿರಬೇಕು. ಪಿನ್ ಬಡಿದ ಜಾಗದಲ್ಲಿ ಮದ್ದು ಇಲ್ಲದಿದ್ದರೆ ಬರೀ ಟಕ್ ಅನ್ನುತ್ತದೆ. ಆಗ ತಕ್ಷಣ ಬೋಲ್ಟ್ ತೆರೆಯಬೇಡಿ. ನಳಿಕೆ ಟಾರ್ಗೆಟ್ ಕಡೆಗೇ ಇಟ್ಟುಕೊಂಡು ಒಂದು ನಿಮಿಷ ಕಾಯಿರಿ, ಗುಂಡು ತಡವಾಗಿ ಸಿಡಿಯಬಹುದು. ಶಬ್ದ ಯಾವತ್ತಿಗಿಂತ ಕ್ಷೀಣವಾಗಿ ಕೇಳಿದರೆ ಮುಂದಿನದು ಹಾಕಲೇಬೇಡಿ. ಮೊದಲು ಗುಂಡು ತೆಗೆದು, ಬ್ಯಾರಲ್‌ನಲ್ಲಿ ಹಿಂದಿನದು ಸಿಕ್ಕಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇನ್ನೊಂದು, ಬ್ಯಾರಲ್ ಮೇಲೆ ಎಲ್‌ಆರ್ ಅಂತ ಕೊರೆದಿದ್ದರೆ ಅದೇ. ಡಬ್ಬದ ಮೇಲೆ .22 ಮ್ಯಾಗ್ನಮ್ ಅಂತ ಇದ್ದರೆ ಅದು ಬೇರೆಯೇ ಗುಂಡು, ನಿಮ್ಮದಕ್ಕಲ್ಲ.

ಬ್ಯಾರಲ್ ಪ್ರತಿ ಸಲ ಉಜ್ಜುವುದು ಬೇಡ. ಮೇಲೆ ಹೇಳಿದ ಆ ಲೇಪವೇ ಗ್ರೂಪ್ ಕಾಯುವುದು, ತೊಳೆದರೆ ಮತ್ತೆ ಹತ್ತಿಪ್ಪತ್ತು ಗುಂಡು ಖರ್ಚು. ಗ್ರೂಪ್ ತಾನಾಗಿ ಕೆಡುತ್ತಿದೆ ಅನ್ನಿಸಿದಾಗ ತೊಳೆಯಿರಿ. ಆದರೆ ಚೇಂಬರ್ (ಬ್ಯಾರಲ್‌ನಲ್ಲಿ ಗುಂಡು ಕೂರುವ ಜಾಗ) ಬಾಯಲ್ಲಿ ಮೇಣ, ಮಸಿ ಸೇರಿ ಉಂಗುರದ ಹಾಗೆ ಗಟ್ಟಿಯಾಗುತ್ತದೆ, ಅದನ್ನು ಆಗಾಗ ಬಟ್ಟೆಯಿಂದ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಗುಂಡು ಒಳಗೆ ಕೂರುವಾಗ ಬಿಗಿಯಾಗುತ್ತದೆ. ಮತ್ತೆ ರೇಂಜ್‌ನಿಂದ ಹೊರಟ ಮೇಲೆ ಏನಾದರೂ ತಿನ್ನುವ ಮೊದಲು ಕೈ ಸೋಪು ಹಾಕಿ ತೊಳೆದುಕೊಳ್ಳಿ, ಎಲ್ಲಾ ಸೀಸ.