ಉಕ್ರೇನ್ ನ್ಯಾಟೋ ಒಳಗಿದೆಯಾ, ಹೊರಗಿದೆಯಾ?

ಪ್ರಶ್ನೆ, ಬಸವೇಶ್ವರನಗರದಿಂದ

ನನ್ನ ಅಕ್ಕನ ಮಗಳು ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಳು. 2022ರ ಮಾರ್ಚ್‌ನಲ್ಲಿ ಪೋಲೆಂಡ್ ಗಡಿ ದಾಟಿ, ಝೆಶುಫ್ ವಿಮಾನ ನಿಲ್ದಾಣದಿಂದ ಮನೆಗೆ ಬಂದಳು. ಆ ನಿಲ್ದಾಣದ ಮೂಲಕವೇ ಉಕ್ರೇನ್‌ಗೆ ಶಸ್ತ್ರಾಸ್ತ್ರ ಹೋಗುತ್ತದೆ ಅಂತ ಓದಿದೆ. ಇಷ್ಟೆಲ್ಲಾ ಕೊಡುವವರು ಅದನ್ನು ನ್ಯಾಟೋ ಅನ್ನೋ ತಮ್ಮ ಸೇನಾ ಕೂಟಕ್ಕೆ ಯಾಕೆ ಸೇರಿಸಿಕೊಳ್ಳುತ್ತಿಲ್ಲ? ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಸೇರಿದವಲ್ವಾ? ಅವಳು ಕೇಳಿದಳು, ನನಗೆ ಹೇಳಲು ಆಗಲಿಲ್ಲ.

ಉತ್ತರ, ಯಲಹಂಕದಿಂದ

ಮೇಡಂ, ನಾನು ವಾಯುಪಡೆಯಲ್ಲಿದ್ದವನು. ಇಲ್ಲೇ ಯಲಹಂಕದಲ್ಲಿ ಆಂಟೊನೊವ್-32 ಸಾಗಣೆ ವಿಮಾನಗಳ ಕೆಲಸ ಮಾಡುತ್ತಿದ್ದೆ. ವಿಮಾನ ಕೀವ್‌ನದು, ಇಂಜಿನ್ ಝಪೊರಿಝಿಯಾದ್ದು. ಉಕ್ರೇನಿನ ಆ ಊರುಗಳ ಮೇಲೆ ಕ್ಷಿಪಣಿ ಬಿದ್ದ ಸುದ್ದಿ ನೋಡಿದರೆ ಈಗಲೂ ಊಟ ಸೇರುವುದಿಲ್ಲ.

ಅಡ್ಡಿ ಇರುವುದು ನ್ಯಾಟೋ ಒಪ್ಪಂದದ 5ನೇ ವಿಧಿಯಲ್ಲಿ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ. ಯುದ್ಧದ ನಡುವೆ ಸೇರಿಸಿಕೊಂಡರೆ ಮಾರನೇ ದಿನವೇ ರಷ್ಯಾ ಎದುರು ತಾವೂ ನಿಲ್ಲಬೇಕಾದೀತು ಅನ್ನೋ ಭಯ. 32 ಸದಸ್ಯರಲ್ಲಿ ಒಬ್ಬರು ಬೇಡ ಅಂದರೂ ಆಗುವುದಿಲ್ಲ.

ಭಯ ಅರ್ಥವಾಗುತ್ತದೆ. ಆದರೆ 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಸಹಿ ಹಾಕಿ, ಉಕ್ರೇನಿನ ಗಡಿ ಗೌರವಿಸುತ್ತೇವೆ ಅಂತ ಭರವಸೆ ಕೊಟ್ಟರು. ಅದನ್ನು ನಂಬಿ ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರ ಬಿಟ್ಟುಕೊಟ್ಟಿತು. 2008ರಲ್ಲಿ ಬುಕಾರೆಸ್ಟ್‌ನಲ್ಲಿ ನ್ಯಾಟೋ, 'ಮುಂದೆ ಸದಸ್ಯರಾಗುತ್ತೀರಿ' ಅಂದಿತು. ದಿನಾಂಕ ಮಾತ್ರ ಹೇಳಲಿಲ್ಲ. 2014ರಲ್ಲಿ ಉಕ್ರೇನಿನ ಕ್ರಿಮಿಯಾ ರಷ್ಯಾ ಕೈಗೆ ಹೋಯಿತು. ನನಗೆ ಸಿಟ್ಟು ಬರುವುದು ಇಲ್ಲೇ.

ಜಯನಗರದಿಂದ

ಸರ್, ಹಾಗಾದರೆ ಉಕ್ರೇನ್ ಪೂರ್ತಿ ಹೊರಗೇ ಇದೆಯಾ?

ಯಲಹಂಕದಿಂದ

ಇಲ್ಲಪ್ಪ. 2023ರಲ್ಲಿ ವಿಲ್ನಿಯಸ್‌ನಲ್ಲಿ ನ್ಯಾಟೋ-ಉಕ್ರೇನ್ ಮಂಡಳಿ ಶುರುವಾಯಿತು. ಅಲ್ಲಿ ಉಕ್ರೇನ್ ಸದಸ್ಯ ದೇಶಗಳ ಜೊತೆ ಸರಿಸಮನಾಗಿ ಕೂರುತ್ತದೆ. 2025ರ ಫೆಬ್ರವರಿಯಲ್ಲಿ ಪೋಲೆಂಡಿನ ಬಿಡ್ಗೋಶ್ಚ್‌ನಲ್ಲಿ ಇಬ್ಬರೂ ಸೇರಿ ಒಂದು ಕೇಂದ್ರ ತೆರೆದರು. ಈ ಯುದ್ಧ ಕಲಿಸಿದ್ದನ್ನು ಅಲ್ಲಿ ಅಭ್ಯಾಸ ಮಾಡುತ್ತಾರೆ. ಡ್ರೋನ್ ವಿಷಯದಲ್ಲಂತೂ ಉಕ್ರೇನಿನವರೇ ಮೇಷ್ಟ್ರು. ಅವರ ಕಾರ್ಖಾನೆಗಳಲ್ಲೇ ಶಸ್ತ್ರ ತಯಾರಿಸಲು ಡೆನ್ಮಾರ್ಕ್ ದುಡ್ಡು ಹಾಕುತ್ತಿದೆ. ನೆರವು ಬೇಡುವ ದೇಶ ಅಂತ ಮಾತ್ರ ನೋಡಬೇಡಿ, ಯುರೋಪಿಗೂ ಅವರ ಅನುಭವ ಬೇಕು.

ಬಸವೇಶ್ವರನಗರದಿಂದ

ಮತ್ತೆ ದಾಳಿಯಾದರೆ ಯಾರು ಬರುತ್ತಾರೆ ಸರ್?

ಯಲಹಂಕದಿಂದ

ಬ್ರಿಟನ್ 2024ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಮುಂದೆ ರಷ್ಯಾ ಮತ್ತೆ ದಾಳಿ ಮಾಡಿದರೆ 24 ಗಂಟೆಯೊಳಗೆ ಕೂತು ಮಾತಾಡುತ್ತೇವೆ ಅಂತ ಅದರಲ್ಲಿದೆ. ಸೈನ್ಯ ಕಳಿಸುತ್ತೇವೆ ಅಂತ ಇಲ್ಲ. ನಿಮ್ಮ ಹುಡುಗಿಗೆ ಇದನ್ನು ಇದ್ದ ಹಾಗೇ ಹೇಳಿ ಮೇಡಂ. ಅವಳು ಆ ಊರಲ್ಲಿ ಬಂಕರ್ ನೋಡಿ ಬಂದವಳು.