ಸಹಾಯ ಬೇಕು: ಮೂಡಿಗೆರೆ ಲೈನ್ ಮನೆ ಸರ್ವೆಗೆ ಎಷ್ಟು ಜನ ಬೇಕು?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ಕಾಫಿ ತೋಟದ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ ಅಂತ ನನ್ನ ಪ್ರಾಜೆಕ್ಟ್‌ಗೆ ನೋಡುತ್ತಿದ್ದೇನೆ. ಅರ್ಧದಷ್ಟು ಜನಕ್ಕೆ ಇರಬಹುದು ಅಂತ ಇಟ್ಟುಕೊಂಡು, 5 ಪರ್ಸೆಂಟ್ ಆಚೀಚೆ, 95 ಪರ್ಸೆಂಟ್ ಭರವಸೆಗೆ ಲೆಕ್ಕ ಹಾಕಿದರೆ 385 ಜನ ಬೇಕು. ಆದರೆ ಒಂದೇ ಲೈನಿನವರದ್ದು (ತೋಟದ ಕೆಲಸಗಾರರ ಸಾಲು ಮನೆಯವರದ್ದು) ಒಂದೇ ಕೆಲಸ, ಹೆಚ್ಚುಕಡಿಮೆ ಒಂದೇ ಊಟ. ಒಬ್ಬರ ಹಾಗೇ ಇನ್ನೊಬ್ಬರು ಇರುತ್ತಾರೆ, ಅಲ್ವಾ? ತೋಟಗಳನ್ನೇ ಕ್ಲಸ್ಟರ್ ಮಾಡಿದರೆ, ಅಂದರೆ ಕೆಲವು ತೋಟ ಆರಿಸಿ ಅಲ್ಲಿನವರನ್ನೇ ಗುಂಪಾಗಿ ತೆಗೆದುಕೊಂಡರೆ, 385 ಸಾಲದು. ಡಿಸೈನ್ ಎಫೆಕ್ಟ್ (ಹೀಗೆ ಗುಂಪಾಗಿ ಆರಿಸಿದಾಗ ಜನರ ಸಂಖ್ಯೆ ಎಷ್ಟು ಪಟ್ಟು ಆಗಬೇಕು ಅನ್ನೋದು) 2 ಹಿಡಿದು 770 ಮಾಡಲಾ, ಇಲ್ಲ 1.5 ಸಾಕಾ?

ಇನ್ನೊಂದು. ಮೊನ್ನೆ ಮಧ್ಯಾಹ್ನ ಹೋದಾಗ ಬಾಗಿಲು ತೆರೆದವರು ಜ್ವರ ಬಂದು ಮಲಗಿದ್ದ ಒಬ್ಬ ಅಕ್ಕ ಮಾತ್ರ. ಉಳಿದವರೆಲ್ಲ ಹಣ್ಣು ಕೊಯ್ಯಲು ಹೋಗಿದ್ದರು. ಹಗಲು ಸಿಕ್ಕವರನ್ನೇ ಸುಮ್ನೆ ಎಣಿಸಿದರೆ ಕಾಯಿಲೆಯವರೇ ಜಾಸ್ತಿ ಸೇರಿಬಿಡುತ್ತಾರೆ. ಸಂಜೆ ಹೋಗಲಾ, ಭಾನುವಾರವಾ? ತೋಟಗಳಲ್ಲಿ ಸರ್ವೆ ಮಾಡಿದವರು ದಯವಿಟ್ಟು ಹೇಳಿ.